ಬೆನ್ನ ರೆಕ್ಕೆಯ ಕಚ್ಚು

ಏಪ್ರಿಲ್ 13, ಭಾನುವಾರ

ಹೆಂಡತಿ ಫುಸಾಏ ನಮ್ಮ ಮೀನಿನ ಕೊಳದ ಕಟ್ಟೆಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡು ಇಂದಿಗೆ ಮೂರು ದಿನ. ನಿನ್ನೆ ಶಸ್ತ್ರಚಿಕಿತ್ಸೆ ಆಯಿತು. ಎರಡು ತಿಂಗಳು ಆಸ್ಪತ್ರೆಯಲ್ಲೇ ಇರಬೇಕಂತೆ, ನಡೆಯುವುದನ್ನು ಮತ್ತೆ ಕಲಿಸಿಯೇ ಮನೆಗೆ ಕಳಿಸುವುದಂತೆ. ಹುಟ್ಟಿದಾಗಿನಿಂದ ಅದೇ ಕಟ್ಟೆಯ ಮೇಲೆ ಕಣ್ಣು ಮುಚ್ಚಿಕೊಂಡು ಓಡಾಡಿದ ಹೆಂಗಸು. ಬೀಳುವುದಕ್ಕೆ ಇದೇ ತಿಂಗಳು ಬೇಕಿತ್ತೇ ಎಂದು ಕೇಳಿದೆ.

"ಮುಂದಿನ್ಸಲ ನಿಮ್ಮನ್ನ ಕೇಳಿ ಬೀಳ್ತೀನಿ" ಎಂದಳು.

ಮೂಳೆ ಮುರಿದರೂ ನಾಲಿಗೆ ಗಟ್ಟಿಯಾಗಿದೆ. ಸಮಾಧಾನವಾಯಿತು.

ಶಾಲೆಗಳ ಬೇಡಿಕೆ ಶುರುವಾಗುವುದೇ ಈಗ. ಐದನೇ ತರಗತಿಯ ಮಕ್ಕಳು ಮೆದಾಕಾ ಮೀನು ಸಾಕಬೇಕು, ಅದು ಮೊಟ್ಟೆ ಇಡುವುದನ್ನೂ ಮರಿಯಾಗುವುದನ್ನೂ ನೋಡಬೇಕು. ಪಾಠದಲ್ಲೇ ಇದೆ. ಒಂದು ತರಗತಿಗೆ ಒಂದು ಚೀಲ, ಚೀಲಕ್ಕೆ ಐದು ಗಂಡು, ಐದು ಹೆಣ್ಣು. ಮೀನು ಹಿಡಿಯುವುದು, ವ್ಯಾನ್ ಓಡಿಸುವುದು ಮಗಳು ಸಾವಾಕೊ. ಗಂಡು ಹೆಣ್ಣು ಆಯುವುದು ನಾನು. ಎಣಿಸಿ ಚೀಲ ಕಟ್ಟುತ್ತಿದ್ದವಳು ಫುಸಾಏ. ಚೀಲ ಕಟ್ಟುವುದೇನು ಮಹಾ ವಿದ್ಯೆಯಲ್ಲ, ಅದನ್ನೂ ಸಾವಾಕೊ ಮಾಡಿಯಾಳು.

ಮನೆಯಲ್ಲಿ ಮಾತಾಡುವವರು ಕಡಿಮೆಯಾದದ್ದರಿಂದ ಈ ಪುಸ್ತಕ ಕೊಂಡೆ. ಸಾವಾಕೊ ಕೇಳಿದರೆ ಉತ್ತರ ಕೊಡುತ್ತಾಳೆ, ಕೇಳದಿದ್ದರೆ ಇಲ್ಲ. ಪುಸ್ತಕ ಅಗ್ಗದ್ದು. ಗೆರೆಗಳು ಎಷ್ಟು ತೆಳುವೆಂದರೆ ಎರಡೆರಡು ಗೆರೆ ಬಿಟ್ಟು ದೊಡ್ಡದಾಗಿ ಬರೆಯುತ್ತಿದ್ದೇನೆ.

ಏಪ್ರಿಲ್ 17, ಗುರುವಾರ

ಇಂದು ಮೊದಲ ಸುತ್ತು ಆಯ್ದೆ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಉತ್ತರದ ಕಿಟಕಿಯ ಬೆಳಕು ಹದವಾಗಿರುವಷ್ಟು ಹೊತ್ತು. ಎರಡು ಬೆರಳು ಅಗಲದ ಗಾಜಿನ ಪೆಟ್ಟಿಗೆಗೆ ಮೀನು ಬಿಡಬೇಕು. ಅದು ಪಕ್ಕಕ್ಕೆ ತಿರುಗಿ ನಿಂತಾಗ ಒಂದು ಉಸಿರಿನಷ್ಟು ಹೊತ್ತು ನೋಡಬೇಕು. ಗಂಡಿನ ಬೆನ್ನ ರೆಕ್ಕೆಯ ಹಿಂಬದಿಯಲ್ಲಿ ಸಣ್ಣ ಸೀಳಿನ ಹಾಗೆ ಒಂದು ಕಚ್ಚು ಇರುತ್ತದೆ, ಹೆಣ್ಣಿಗಿಲ್ಲ. ಹೊಟ್ಟೆಯ ಕೆಳಗಿನ ರೆಕ್ಕೆ ಗಂಡಿನದು ಕೊನೆಯವರೆಗೂ ಒಂದೇ ಅಗಲ, ಹೆಣ್ಣಿನದು ಬಾಲದ ಕಡೆ ಹೋದಹಾಗೆ ಕಿರಿದಾಗುತ್ತದೆ. ಇಡೀ ಮೀನೇ ಕಿರುಬೆರಳಿನ ಅರ್ಧ ಇರುವಾಗ ಆ ಕಚ್ಚು ಎಷ್ಟಿರಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಅಂತ ಜನ ಹೇಳುತ್ತಾರೆ. ಕಲ್ಲು ಓಡುವುದಿಲ್ಲ.

ನಾನು ಈ ಮನೆಗೆ ಮನೆ ಅಳಿಯನಾಗಿ ಬಂದವನು. ಮಿಜುತಾನಿ ಎಂಬ ಮನೆತನದ ಹೆಸರು ಹೆಂಡತಿಯ ಕಡೆಯದು. ಮಾವನೂ ಹಾಗೆಯೇ ಬಂದವರು. ಈ ಮನೆಯಲ್ಲಿ ಹುಟ್ಟುವುದೆಲ್ಲ ಹೆಣ್ಣು, ಆಯುವ ಮೇಜಿಗೆ ಕೂರುವುದು ಹೊರಗಿನಿಂದ ಬಂದ ಗಂಡಸು. ಮೊದಲ ದಿನ ಮಾವ ಹೇಳಿದ್ದು ಎರಡೇ ಮಾತು. ಅನುಮಾನ ಬಂದರೆ ಮೊದಲು ಅನಿಸಿದ್ದೇ ಸರಿ. ಮೇಜಿಗೆ ಕೂತವನು ಹಿಂದೆ ತಿರುಗಬಾರದು. ಕಿಟಕಿಯ ಬೆಳಕಿಗೆ ಹೊಂದಿಕೊಂಡ ಕಣ್ಣನ್ನು ಕೋಣೆಯ ಕತ್ತಲೆಗೆ ತಿರುಗಿಸಿದರೆ ಮತ್ತೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಮೂವತ್ತೊಂಬತ್ತು ವರ್ಷ ನಾನು ತಿರುಗಿಲ್ಲ. ಗಂಡು ಒಂದಕ್ಕೆ, ಹೆಣ್ಣು ಒಂದಕ್ಕೆ ಆಯ್ದು ಹಾಕಿದ ತೊಟ್ಟಿಗಳನ್ನು ಹಿಂದಕ್ಕೆ ತಳ್ಳುತ್ತೇನೆ, ಬೆನ್ನ ಹಿಂದಿನ ಹಲಗೆಯ ಮೇಲೆ ಫುಸಾಏ ಚೀಲ ಕಟ್ಟುತ್ತಾಳೆ. ಈ ಮೂವತ್ತೊಂಬತ್ತು ವರ್ಷದಲ್ಲಿ ಒಂದು ಶಾಲೆಯಿಂದಲೂ ದೂರು ಬಂದಿಲ್ಲ.

ಈ ವರ್ಷದ ಮೀನಿನಲ್ಲಿ ಕಚ್ಚು ಆಳವಾಗಿಲ್ಲ. ಚಳಿಗಾಲ ಬೆಚ್ಚಗಿದ್ದದ್ದಕ್ಕೆ ಇರಬೇಕು.

ಏಪ್ರಿಲ್ 24, ಗುರುವಾರ

ದೀಪ ಬದಲಾಯಿಸಿದೆ. ಗಾಜಿನ ಪೆಟ್ಟಿಗೆಯನ್ನು ವಿನೆಗರ್ ಹಾಕಿ ಉಜ್ಜಿದೆ. ಈಗಿನ ಗಾಜೇ ಸರಿಯಿಲ್ಲ, ಮಾವನ ಕಾಲದ ಪೆಟ್ಟಿಗೆ ಒಡೆಯಬಾರದಿತ್ತು. ಮೀನನ್ನು ನೇರವಾಗಿ ನೋಡಿದರೆ ಮಸುಕು, ಅದು ಪಕ್ಕಕ್ಕೆ ಸರಿದರೆ ಸ್ಪಷ್ಟ. ಬೇರೆ ಗಾಜು ತರಿಸಬೇಕು.

ನಡುಮನೆಯ ಜಾರುಬಾಗಿಲಿನ ಪಟ್ಟಿಗಳು ತೇವಕ್ಕೆ ಬಾಗಿವೆ. ಬಡಗಿ ಹಚಿಯಾನನ್ನು ಕರೆಸಿದೆ. ನನ್ನ ಹುಟ್ಟೂರಿನವನು, ಚಿಕ್ಕಂದಿನಲ್ಲಿ ನನ್ನ ಜೊತೆ ಓದಿದವನು. ಅಳತೆಪಟ್ಟಿ ಹಿಡಿದು ನೋಡಿದ.

"ನೆಟ್ಟಗಿದೆ ಕಣೋ. ಕೂದಲೆಳೆಯಷ್ಟೂ ಬಾಗಿಲ್ಲ."

"ಇಲ್ಲಿ ಬಂದು ನಿಂತು ನೋಡು."

"ಎಲ್ಲಿ ನಿಂತ್ರೂ ನೆಟ್ಟಗೇ ಇರತ್ತೆ. ಮನೆ ಅಳಿಯ ಆಗಿ ಬಂದು ನಲವತ್ತು ವರ್ಷ ಆಗ್ತಾ ಬಂತು, ಈಗ ಮಾವನ ಮನೆ ಬಾಗಿಲು ಸೊಟ್ಟ ಅನ್ನಿಸ್ತಿದೆಯಾ ನಿಂಗೆ?"

ಚಹಾ ಕುಡಿದು, ಅಕ್ಕಿಯ ಹಪ್ಪಳ ನಾಲ್ಕು ತಿಂದು ಹೋದ. ಮರಗೆಲಸದವರೂ ಮೊದಲಿನ ಹಾಗಿಲ್ಲ.

ಏಪ್ರಿಲ್ 25, ಶುಕ್ರವಾರ

ಹದಿನಾಲ್ಕು ಚೀಲ ಹೋದವು.

ಮೇ 2, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆ. ಫುಸಾಏ ಕೋಲು ಹಿಡಿದು ಆರು ಹೆಜ್ಜೆ ನಡೆದಳು. ಬೆವರು ಒರೆಸಿಕೊಳ್ಳುತ್ತಲೇ ಕೇಳಿದ್ದು ಚೀಲದ ವಿಷಯ.

"ಯಾರು ಕಟ್ತಿದ್ದಾರೆ?"

"ಸಾವಾಕೊ."

"ಕಟ್ಟೋಕೆ ಮುಂಚೆ ನೋಡ್ತಾಳಾ?"

"ಏನನ್ನ ನೋಡೋದು?"

"ಏನಿಲ್ಲ. ಎಣಿಕೆ."

ಹೆಂಗಸರಿಗೆ ತಾವಿಲ್ಲದಿದ್ದರೆ ಜಗತ್ತು ನಿಂತೇ ಹೋಯಿತು ಅನ್ನಿಸುತ್ತದೆ.

ಸಂಜೆ ಸಾವಾಕೊಗೆ ಹೊಸ ಸಂಬಂಧದ ವಿಷಯ ಎತ್ತಿದೆ. ಮೀನುಗಾರರ ಸಂಘದಲ್ಲಿ ಕೆಲಸ, ನಲವತ್ತೈದು ವಯಸ್ಸು, ಹೆಂಡತಿ ತೀರಿಕೊಂಡಿದ್ದಾಳೆ, ಮನೆ ಅಳಿಯನಾಗಿ ಬರಲು ತಕರಾರಿಲ್ಲ. ಅವಳಿಗೂ ಮೂವತ್ತೆಂಟು ತುಂಬಿತು. ನನ್ನ ನಂತರ ಮೇಜಿಗೆ ಕೂರಲು ಒಬ್ಬ ಬೇಡವೇ?

"ಅವ್ರಿಗೆ ಮೆದಾಕಾ ನೋಡೋಕೆ ಬರತ್ತಾ?" ಎಂದಳು.

"ಕಲೀತಾನೆ. ನಾನು ಕಲೀಲಿಲ್ವಾ?"

"ಕಲ್ತಿರೋರು ಮನೇಲೇ ಇರ್ಬೇಕಾದ್ರೆ ಇನ್ನೊಬ್ರು ಯಾಕೆ ಕಲೀಬೇಕು?"

ಕಲಿತವನು ನಾನು, ನನಗೆ ಅರವತ್ತೇಳು, ನಾನು ಶಾಶ್ವತವೇ ಎಂದೆ. ನನ್ನನ್ನು ಒಂದು ಕ್ಷಣ ನೋಡಿ, ಮಿಸೊ ಸಾರಿನ ಬಟ್ಟಲು ತೊಳೆಯಲು ಹೋದಳು. ಇವಳ ಮೌನ ಅವಳಮ್ಮನ ಮಾತಿಗಿಂತ ಜಾಸ್ತಿ ಚುಚ್ಚುತ್ತದೆ.

ಮೇ 13, ಮಂಗಳವಾರ

ಇಂದು ಒಂದು ಫೋನ್ ಬಂತು. ನದಿಯಾಚೆಯ ಶಾಲೆಯ ನಾರುಸೆ ಎಂಬ ಟೀಚರ್. ದನಿ ಕೇಳಿದರೆ ಅವಳೇ ಐದನೇ ತರಗತಿಯವಳ ಹಾಗಿದ್ದಾಳೆ.

"ಮಿಜುತಾನಿಯವ್ರೇ, ತೊಂದ್ರೆ ಕೊಡ್ತಿದ್ದೀನಿ, ಕ್ಷಮಿಸಿ. ಎರಡು ಸಲ ಮೊಟ್ಟೆ ಸಿಕ್ಕಿತ್ತು. ಎಲ್ಲಾ ಬೆಳ್ಳಗಾಗಿ ಬೂಸ್ಟು ಹಿಡೀತು. ಹತ್ತೂ ಹೆಣ್ಣೇ ಇರ್ಬಹುದಾ ಅಂತ ಮಕ್ಕಳು ಕೇಳ್ತಿದ್ದಾರೆ."

ಮಕ್ಕಳು ಕೇಳುತ್ತಾರಂತೆ. ನೀರು ತಣ್ಣಗಿರಬೇಕು, ಇಲ್ಲವೇ ಯಾರೋ ಕೈ ಹಾಕಿ ಕಲಕಿರಬೇಕು ಎಂದೆ. ಆಯ್ತು, ಮತ್ತೆ ನೋಡ್ತೀವಿ ಎಂದಳು. ಆದರೂ ಮಿಜುತಾನಿ ಮನೆಯ ಹೆಸರು ದೊಡ್ಡದು, ಇನ್ನೊಂದು ಚೀಲ ಬಿಟ್ಟಿಯಾಗಿ ಕಳಿಸುತ್ತೇನೆ ಎಂದೆ. ಮಧ್ಯಾಹ್ನ ನಾನೇ ಕೂತು ಹತ್ತು ಮೀನು ಆಯ್ದೆ. ಒಂದೊಂದಕ್ಕೂ ಮೂರು ಉಸಿರು ಕೊಟ್ಟೆ. ಸಾವಾಕೊ ಹಿಂದೆ ನಿಂತು ಕಾಯುತ್ತಿದ್ದಳು. ಚೀಲ ಕಟ್ಟುವಾಗ ಏನಾದರೂ ಹೇಳುತ್ತೀಯಾ ಎಂದು ಕೇಳಿದೆ, ಯಾಕೆಂದರೆ ಅವಳು ನಿಂತ ರೀತಿ ಹಾಗಿತ್ತು. ಇಲ್ಲ ಎಂದಳು.

ಮೇ 20, ಮಂಗಳವಾರ

ಇನ್ನೊಂದು ಶಾಲೆ. ಒಂಬತ್ತು ಗಂಡು, ಒಂದೇ ಹೆಣ್ಣು. ಒಂಬತ್ತೂ ಬೆನ್ನುಹತ್ತಿ ಅಟ್ಟಾಡಿಸಿ, ನಾಲ್ಕನೇ ದಿನ ಆ ಹೆಣ್ಣು ಸತ್ತು ತೇಲಿತಂತೆ. ಮಕ್ಕಳು ಹೂತು, ಮೇಲೆ ಹೂವಿಟ್ಟರಂತೆ.



ಮೇ 23, ಶುಕ್ರವಾರ

ನಾರುಸೆ ಟೀಚರ್ ಮತ್ತೆ ಫೋನ್ ಮಾಡಿದ್ದಳು. ಎರಡನೇ ಚೀಲದಲ್ಲೂ ಲೆಕ್ಕ ಸರಿಯಿಲ್ಲವಂತೆ. ಇದು ಫೋನಿನಲ್ಲಿ ಬಗೆಹರಿಯುವ ಮಾತಲ್ಲ ಎಂದು ಒಗೆದ ಅಂಗಿ ಹಾಕಿಕೊಂಡು ನಾನೇ ಹೋದೆ. ಸಾವಾಕೊ ವ್ಯಾನಿನಲ್ಲೇ ಕೂತಿದ್ದಳು.

ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು. ಎದ್ದು ನಿಂತು ನಮಸ್ಕಾರ ಮಾಡಿದರು. ಮಿಜುತಾನಿ ತಾತ ಮೀನಿನ ತಜ್ಞರು, ಮೂವತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರೆ ಎಂದು ಟೀಚರ್ ಪರಿಚಯಿಸಿದಳು. ಗೋಡೆಯ ಮೇಲೆ ಮಕ್ಕಳು ಬರೆದ ಮೆದಾಕಾ ಚಿತ್ರ, ಬಾಗಿಲಷ್ಟು ದೊಡ್ಡದು. ಅಷ್ಟು ದೊಡ್ಡದಾಗಿ ಬರೆದರೆ ಕಚ್ಚು ಯಾರಿಗೆ ಕಾಣುವುದಿಲ್ಲ. ಒಬ್ಬ ಹುಡುಗಿ ಪುಟ್ಟ ಗಾಜಿನ ಡಬ್ಬಿಯಲ್ಲಿ ಒಂದು ಮೀನು ಹಿಡಿದು ತಂದಳು. ನಾನು ಬೆಳಕಿಗೆ ಎತ್ತಿದೆ. ಮೀನು ತೀರಾ ಚುರುಕು, ಒಂದು ಕಡೆ ನಿಲ್ಲದು. ಮಾವನ ಮಾತು ನೆನೆದು, ಮೊದಲು ಅನಿಸಿದ್ದನ್ನೇ ಹೇಳಿದೆ.

"ಗಂಡು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗಿ ಟೀಚರ್ ಕಡೆ ನೋಡಿದಳು, ಆಮೇಲೆ ಮೆಲ್ಲಗೆ ಹೇಳಿದಳು.

"ತಾತ, ಇದ್ರ ಹೊಟ್ಟೆ ಕೆಳಗೆ ಮೊಟ್ಟೆ ಅಂಟ್ಕೊಂಡಿದೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಟೀಚರ್ ಬೇಗ ಬೇಗ, ತಾತನಿಗೆ ಎಲ್ಲರೂ ಧನ್ಯವಾದ ಹೇಳಿ ಎಂದಳು. ಹೇಳಿದರು. ಶಾಲೆಯ ಆ ಕಿಟಕಿಗಳು ದಕ್ಷಿಣಕ್ಕಿವೆ. ದಕ್ಷಿಣದ ಬೆಳಕಿನಲ್ಲಿ ಯಾರು ಮೀನು ನೋಡುತ್ತಾರೆ?

ಬಾಗಿಲವರೆಗೆ ಬಂದು ಟೀಚರ್ ಹೇಳಿದಳು: "ಹೋದ ವರ್ಷ ಐದನೇ ತರಗತಿ ನೋಡ್ಕೊಂಡಿದ್ದೋರು ನಿಮ್ಮ ಚೀಲ ಕಣ್ಣು ಮುಚ್ಕೊಂಡು ತಗೋ ಅಂದಿದ್ರು. ಅದಕ್ಕೇ ನಾವೇ ಏನೋ ತಪ್ಪು ಮಾಡಿದ್ವಿ ಅಂದ್ಕೊಂಡಿದ್ವಿ."

 

ಮೇ 24, ಶನಿವಾರ

ಮಧ್ಯಾಹ್ನ ಊಟಕ್ಕೆ ಕೂತಾಗ ಸಾವಾಕೊ ಊಟದ ಕಡ್ಡಿ ಕೆಳಗಿಟ್ಟಳು.

"ಅಪ್ಪ, ಒಂದು ಮಾತು ಹೇಳ್ತೀನಿ. ಬಟ್ಟಲು ಎಸೀಬೇಡ."

"ನಾನ್ಯಾವತ್ತು ಬಟ್ಟಲು ಎಸ್ದಿದ್ದೀನಿ?"

"ಇವತ್ತು ಎಸೀಬಹುದು. ಮೊದಲ್ನೇ ದೂರು ಬಂದಾಗಿಂದ ಅಮ್ಮ ದಿನಾ ಫೋನ್ ಮಾಡ್ತಿದ್ದಾಳೆ. ಅಪ್ಪ ಸ್ನಾನಕ್ಕೆ ಹೋದಾಗ ಎರಡೂ ತೊಟ್ಟಿ ಇನ್ನೊಂದ್ಸಲ ನೋಡು, ತಪ್ಪಿರೋದನ್ನ ಆ ಕಡೆಯಿಂದ ಈ ಕಡೆಗೆ ಹಾಕು, ಅಪ್ಪಂಗೆ ಗೊತ್ತಾಗ್ಬಾರ್ದು ಅಂತ. ನಾನು ಆಗಲ್ಲ ಅಂದೆ."

"ಏನು ತಪ್ಪಿರೋದು?"

"ಕದ್ದು ಮಾಡೋಕೆ ಆಗಲ್ಲ. ಮೇಜಲ್ಲಿ ಕೂತು ಮಾಡು ಅಂದ್ರೆ ಮಾಡ್ತೀನಿ. ನಿನ್ನ ಬೆನ್ನ ಹಿಂದೆ ಮಾಡಲ್ಲ. ಆದ್ರೆ ಎರಡ್ನೇ ಚೀಲ ತಪ್ಪಿದೆ ಅಂತ ನಂಗೆ ಕಾಣ್ತಿತ್ತು. ಕಂಡ್ರೂ ಬಾಯಿ ಬಿಡದೆ ಕಟ್ಟಿ ಕೊಟ್ಟೆ. ಅದು ನನ್ನ ತಪ್ಪು."

"ನಿಂಗೆ ಹೇಗೆ ಕಾಣತ್ತೆ? ನಿಂಗ್ಯಾರು ಕಲ್ಸಿದ್ದು?"

"ಅಮ್ಮ. ಹನ್ನೆರಡು ವರ್ಷದವಳಿದ್ದಾಗಿಂದ. ಮಿಕ್ಕಿದ್ದು ಅವಳನ್ನೇ ಕೇಳು."

ಬಟ್ಟಲು ಎಸೆಯಲಿಲ್ಲ. ಎದ್ದು ಹೋಗಿ ಕೊಳದ ಕಟ್ಟೆಯ ಮೇಲೆ ಕೂತೆ. ಮೀನುಗಳು ಆಹಾರ ಹಾಕಲು ಬಂದೆನೆಂದು ನನ್ನ ನೆರಳಿನ ಕೆಳಗೆ ಗುಂಪುಗೂಡಿದವು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ, ಕಿತ್ತಳೆ ಬಣ್ಣದ ಗೀಟುಗಳು.

ಮೇ 25, ಭಾನುವಾರ

ಬಸ್ಸಿನಲ್ಲಿ ಒಬ್ಬನೇ ಹೋದೆ. ಫುಸಾಏ ಕಿಟಕಿಯ ಪಕ್ಕ ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ನನ್ನ ಮುಖ ನೋಡಿದವಳೇ ಚಾಕು ಕೆಳಗಿಟ್ಟಳು. ಸಾವಾಕೊ ಫೋನ್ ಮಾಡಿರಬೇಕು. ಸುತ್ತಿ ಬಳಸಿ ಮಾತಾಡುವ ಶಕ್ತಿ ನನಗಿರಲಿಲ್ಲ.

"ಎಷ್ಟು?" ಎಂದೆ.

"ಎಷ್ಟು ಅಂದ್ರೆ?"

"ತೊಟ್ಟಿಗೆ ಎಷ್ಟು ಬದಲಾಯಿಸ್ತಿದ್ದೆ?"

ಅವಳು ಸೇಬನ್ನು ತಟ್ಟೆಗಿಟ್ಟಳು.

"ಮೊದಮೊದಲು ನೂರಕ್ಕೆ ಇಪ್ಪತ್ತು. ಐದಾರು ವರ್ಷ ಆದ್ಮೇಲೆ ಒಂದೋ ಎರಡೋ. ನೀವು ಚೆನ್ನಾಗೇ ಕಲಿತ್ರಿ, ಸುಳ್ಳು ಹೇಳ್ತಿಲ್ಲ. ಎಷ್ಟೋ ವರ್ಷ ನಾನು ಸುಮ್ನೆ ನೋಡಿ ಕಟ್ತಿದ್ದೆ ಅಷ್ಟೆ. ಎರಡು ವರ್ಷದಿಂದ ಮತ್ತೆ ಜಾಸ್ತಿ ಆಯ್ತು. ಹೋದ ವರ್ಷ ಅರ್ಧಕ್ಕರ್ಧ."

"ನನ್ನ ಬೆನ್ನ ಹಿಂದೆ."

"ಇನ್ನೆಲ್ಲಿ ಮಾಡ್ಲಿ? ನೀವು ಹಿಂದೆ ತಿರುಗ್ತಾನೇ ಇರ್ಲಿಲ್ವಲ್ಲ."

"ತಿರುಗ್ಬಾರ್ದು ಅಂತ ನಿಮ್ಮಪ್ಪ ಹೇಳಿದ್ರು."

"ಅಪ್ಪಂಗೆ ಹೇಳಿದ್ದು ನಮ್ಮಮ್ಮ. ಅವ್ರ ತೊಟ್ಟೀನೂ ಅಮ್ಮ ಹೀಗೇ ನೋಡ್ತಿದ್ಳು. ಅಮ್ಮಂಗೆ ಅವಳಮ್ಮ ಹೇಳ್ಕೊಟ್ಟಿದ್ದು."

ನನಗೆ ನಗು ಬಂದದ್ದು ನಿಜ. ಆ ಮೇಜಿಗೆ ಕೂರುವ ಮೊದಲು ಮಾವ ಕೈ ತೊಳೆದು, ಕಿಟಕಿಗೆ ತಲೆ ಬಾಗಿ, ಆಮೇಲೆ ಕೂರುತ್ತಿದ್ದರು. ಗುಡಿಯಲ್ಲಿ ಕೂತ ಹಾಗೆ. ನಾನೂ ಹಾಗೇ ಮಾಡಿದೆ. ಬೆನ್ನ ಹಿಂದೆ ಹೆಂಗಸರು ಸೌಟಿನಲ್ಲಿ ಮೀನು ದಾಟಿಸುತ್ತಿದ್ದರು.

"ಯಾಕೆ?" ಎಂದೆ. ದನಿ ಎತ್ತಲಿಲ್ಲ, ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು.

"ಅನುಮಾನ ಬಂದ ಕೈ ನಡುಗತ್ತೆ. ನಡುಗೋ ಕೈಯಲ್ಲಿ ಮೀನು ಸಾಯತ್ತೆ. ಅಮ್ಮ ಹಾಗೇ ಹೇಳ್ತಿದ್ಳು. ಮೀನಿಗೋಸ್ಕರ ಅಂತಿದ್ಳು. ಬೇರೆ ಊರಿಂದ ಹೆಸರು ಬಿಟ್ಟು ಬಂದ ಗಂಡಸಿಗೆ ಈ ಮನೇಲಿ ಇರೋದು ಅದೊಂದು ಜಾಗ, ಅದನ್ನೂ ಕಿತ್ಕೋಬಾರ್ದು ಅಂತ ನಂಗನ್ನಿಸ್ತಿತ್ತು."

ಅದು ಪ್ರೀತಿಯ ಮಾತು, ಗೊತ್ತು. ಆದರೆ ಮೈ ಎಲ್ಲ ಉರಿಯಿತು. ಮಗುವಿನ ಕೈಗೆ ಓಡದ ಗಡಿಯಾರ ಕಟ್ಟಿ, ಗಂಟೆ ಎಷ್ಟು ಎಂದು ಕೇಳಿ, ಹೇಳಿದ್ದಕ್ಕೆಲ್ಲ ಹೌದು ಅಂದ ಹಾಗೆ. ಸೇಬು ಕೊಟ್ಟಳು, ತಿನ್ನಲಿಲ್ಲ. ಹೊರಡುತ್ತೇನೆ ಎಂದೂ ಹೇಳದೆ ಬಂದುಬಿಟ್ಟೆ.

ಮೇ 27, ಮಂಗಳವಾರ

ಮೇಜಿಗೆ ಕೂರಲಿಲ್ಲ. ನೆಗಡಿ.

ಮೇ 28, ಬುಧವಾರ

ನೆಗಡಿ.

ಮೇ 29, ಗುರುವಾರ

ಸಾವಾಕೊ ಬೆಳಿಗ್ಗೆ ಒಂಬತ್ತಕ್ಕೆ ಫೋನಿನ ಮುಂದೆ ಕೂತವಳು ಎದ್ದದ್ದು ಹನ್ನೆರಡಕ್ಕೆ. ಈ ವರ್ಷ ಚೀಲ ಕೊಂಡ ಮೂವತ್ತೊಂದು ಶಾಲೆಗೂ ಫೋನ್ ಮಾಡಿದಳು. ನಾನು ಜಾರುಬಾಗಿಲಿನ ಈಚೆ ಹಾಸಿಗೆಯಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಮಿಜುತಾನಿ ಮೀನಿನ ಕೊಳದಿಂದ ಮಾತಾಡ್ತಿರೋದು. ಆಯೋದ್ರಲ್ಲಿ ನಮ್ಮಿಂದ ತಪ್ಪಾಗಿದೆ. ಬದಲಿ ಮೀನು ನಾನೇ ತಂದ್ಕೊಡ್ತೀನಿ. ಮಕ್ಕಳಿಗೆ ನಮ್ಮ ಪರವಾಗಿ ಕ್ಷಮೆ ಕೇಳಿ."

ಮೂವತ್ತೊಂದು ಸಲ. ಅಪ್ಪನಿಂದ ಎಂದು ಒಮ್ಮೆಯೂ ಅನ್ನಲಿಲ್ಲ, ನಮ್ಮಿಂದ ಎಂದಳು. ಅಪ್ಪನಿಂದ ಎಂದಿದ್ದರೆ ಎದ್ದು ಹೋಗಿ ಜಗಳವಾಡಬಹುದಿತ್ತು. ಹದಿನೇಳನೆಯ ಶಾಲೆಯ ಹೊತ್ತಿಗೆ ಅವಳ ಗಂಟಲು ಒಣಗಿತ್ತು. ಎದ್ದು ಬಾರ್ಲಿ ಚಹಾ ಒಂದು ಲೋಟ ತಂದು ಅವಳ ಪಕ್ಕದಲ್ಲಿಟ್ಟೆ. ಮಾತಾಡುತ್ತಲೇ ಕುಡಿದಳು.

ಜೂನ್ 2, ಸೋಮವಾರ

ಹತ್ತಿರದ ಪಟ್ಟಣದ ಕಣ್ಣಿನ ವೈದ್ಯರ ಬಳಿ ಹೋಗಿದ್ದೆ. ಬೇರೆ ಕೆಲಸವಿತ್ತು, ಹಾದಿಯಲ್ಲೇ ಇತ್ತು ಎಂದು ಹೋದೆ. ಸಾವಾಕೊಗೆ ಹೇಳಿಲ್ಲ.

ಚೌಕ ಚೌಕವಾಗಿ ಗೆರೆ ಎಳೆದ ಕಾಗದ ತೋರಿಸಿ, ಯಾವ ಗೆರೆ ಬಾಗಿದೆ ಎಂದು ಕೇಳಿದರು. ನಡುವಿನವೆಲ್ಲ ಬಾಗಿವೆ ಎಂದೆ. ಒಂದೂ ಬಾಗಿಲ್ಲ ಎಂದರು. ಎರಡೂ ಕಣ್ಣಿನ ನಡುಭಾಗ ಕೆಟ್ಟಿದೆ. ಹೋದ ನೋಟ ಹಿಂದಕ್ಕೆ ಬರುವುದಿಲ್ಲ, ಇರುವುದನ್ನು ಚುಚ್ಚುಮದ್ದು ಕೊಟ್ಟು ಉಳಿಸಿಕೊಳ್ಳಲು ನೋಡಬಹುದು. ಎರಡು ವರ್ಷದ ಹಿಂದೆಯೇ ಗೊತ್ತಾಗಿರಬೇಕಲ್ಲ, ನಿಮ್ಮದು ಕಣ್ಣಿನ ಕೆಲಸವೇ ಎಂದು ಕೇಳಿದರು. ಅಲ್ಲ, ನಾನು ಚೀಲ ಕಟ್ಟುತ್ತೇನೆ ಎಂದೆ. ಯಾಕೆ ಹಾಗೆ ಹೇಳಿದೆನೋ ತಿಳಿಯದು.

ಹಚಿಯಾನಿಗೆ ಒಂದು ಮಾತು ಹೇಳಬೇಕು. ಅವನು ಹೇಳಿದ ಹಾಗೆ ಬಾಗಿಲು ನೆಟ್ಟಗೇ ಇದೆ.

ಜೂನ್ 5, ಗುರುವಾರ

ಬದಲಿ ಚೀಲಗಳಿಗೆ ಮೀನು ಬೇಕು. ಮೇಜಿನ ಕುರ್ಚಿಯ ಎತ್ತರ ನನಗೆ ಸೊಂಟ ನೋವು ತರಿಸುತ್ತಿದೆ, ಎರಡು ದಿನ ನೀನು ಕೂತು ನೋಡು ಎಂದು ಸಾವಾಕೊಗೆ ಹೇಳಿದೆ.

"ಸೊಂಟ ನೋವಾ?" ಎಂದಳು.

"ಸೊಂಟ ನೋವೇ."

ಕೈ ತೊಳೆದು ಕೂತಳು. ಕಿಟಕಿಗೆ ತಲೆ ಬಾಗಲಿಲ್ಲ. ಮೊದಲು ಮಾಡಿದ್ದೇ ಕುರ್ಚಿಯನ್ನು ಅಡ್ಡ ತಿರುಗಿಸಿದ್ದು. ಕಿಟಕಿ ಒಂದು ಪಕ್ಕಕ್ಕೆ, ಕಟ್ಟುವ ಹಲಗೆ ಇನ್ನೊಂದು ಪಕ್ಕಕ್ಕೆ. ಮಾವ ಕಂಡಿದ್ದರೆ ಅವರ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ನಾನು ಚೀಲಕ್ಕೆ ಗಾಳಿ ತುಂಬಿ ರಬ್ಬರ್ ಬ್ಯಾಂಡ್ ಹಾಕಿದೆ. ಕಟ್ಟುವುದಕ್ಕೆ ಕಣ್ಣು ಬೇಡ, ಬೆರಳಿಗೆ ಗೊತ್ತಾಗುತ್ತದೆ. ಮೊದಲ ಹತ್ತು ಸಡಿಲವಾದವು. ಮಹಾ ವಿದ್ಯೆಯಲ್ಲ ಎಂದು ಬರೆದಿದ್ದೆ. ಇದೂ ಒಂದು ವಿದ್ಯೆಯೇ.

ಜೂನ್ 9, ಸೋಮವಾರ

ಬೆಳಿಗ್ಗೆಯಿಂದ ಮಳೆ. ಸೊಂಟ ಹಾಗೇ ಇದೆ. ಸಾವಾಕೊ ಒಂದು ಮೀನಿಗೆ ಬಹಳ ಹೊತ್ತು ತಗೊಂಡಳು. ಮೊದಲು ಅನಿಸಿದ್ದೇ ಸರಿ ಎಂದು ಹೇಳಿಕೊಟ್ಟೆ.

"ಅನುಮಾನ ಇದ್ರೆ ಬೇರೆ ಡಬ್ಬೀಲಿ ಹಾಕಿ ನಾಳೆ ನೋಡಿದ್ರೆ ಏನಾಗತ್ತೆ?" ಎಂದಳು.

ಏನಾಗುತ್ತದೆ ಎಂದು ಯೋಚಿಸಿದೆ. ಏನೂ ಆಗುವುದಿಲ್ಲ. ಈ ಮನೆಯಲ್ಲಿ ಯಾವ ಗಂಡಸಿಗೂ ಇದು ಹೊಳೆದಿರಲಿಲ್ಲ. ಆ ಮೀನುಗಾರರ ಸಂಘದವನಿಗೆ ಬೇಡ ಎಂದು ಫೋನ್ ಮಾಡಿದೆ. ಅವನಿಗೆ ಯಾರೋ ಸಿಕ್ಕಿದ್ದರಂತೆ, ಸಂತೋಷವಾಗಿಯೇ ಇದ್ದ.

ಜೂನ್ 14, ಶನಿವಾರ

ಫುಸಾಏ ಮನೆಗೆ ಬಂದಳು. ಕೋಲೂರಿ ಇಡೀ ಮನೆ ಸುತ್ತಿ, ಅಡುಗೆಮನೆಯಲ್ಲಿ ಏನೇನು ತಪ್ಪು ಜಾಗದಲ್ಲಿದೆ ಎಂದು ಹೇಳಿದಳು. ನನ್ನ ಜೊತೆ ಮಾತು ಕಡಿಮೆ. ನಾನೂ ಅಷ್ಟೇ. ಮೂಲಂಗಿ ಉಪ್ಪಿನಕಾಯಿ ಕತ್ತರಿಸಿ ಅವಳ ತಟ್ಟೆಗೆ ಹಾಕಿದೆ. ದಪ್ಪವಾಯಿತು ಎಂದಳು, ಆದರೂ ತಿಂದಳು.

ಜೂನ್ 19, ಗುರುವಾರ

ಇದನ್ನು ಸರಿಯಾಗಿ ಬರೆಯಬೇಕು.

ಬೆಳಿಗ್ಗೆ ಮೂವರೂ ಕೋಣೆಯಲ್ಲಿದ್ದೆವು. ಸಾವಾಕೊ ಮೇಜಿನಲ್ಲಿ, ಫುಸಾಏ ಕಟ್ಟುವ ಹಲಗೆಯ ಮುಂದೆ ಕುರ್ಚಿ ಹಾಕಿಕೊಂಡು, ನಾನು ಅವಳ ಎಡಕ್ಕೆ ಚೀಲ ಹಿಡಿದು. ಸಾವಾಕೊ ಹೊಸ ತೊಟ್ಟಿಗೆ ನೀರು ತರಲು ಹೊರಗೆ ಹೋದಳು. ಫುಸಾಏಯ ಬಲಗೈ ಸೌಟು ತೆಗೆದುಕೊಂಡಿತು, ಗಂಡಿನ ತೊಟ್ಟಿಯಿಂದ ಒಂದನ್ನು ಎತ್ತಿತು, ಹೆಣ್ಣಿನ ತೊಟ್ಟಿಯ ಕಡೆ ಹೊರಟಿತು. ನೀರು ಕದಡಲಿಲ್ಲ, ಸದ್ದಾಗಲಿಲ್ಲ. ನೇರವಾಗಿ ನೋಡಿದ್ದರೆ ನನಗೆ ಕಾಣುತ್ತಿರಲಿಲ್ಲ. ಈಗೀಗ ನನಗೆ ಕಾಣುವುದೆಲ್ಲ ಕಣ್ಣಿನ ಅಂಚಿನಲ್ಲೇ. ಮೂವತ್ತೊಂಬತ್ತು ವರ್ಷ ನನ್ನ ಹಿಂದೆ ನಡೆದದ್ದು ಹೇಗಿರುತ್ತದೆ ಎಂದು ಮೊದಲ ಸಲ ಕಂಡೆ. ಎಷ್ಟು ಚೆನ್ನಾಗಿ ಮಾಡುತ್ತಾಳೆ.

ಅವಳ ಮಣಿಕಟ್ಟು ಹಿಡಿದೆ.

"ಬೇಡ. ಅವಳನ್ನ ಕರ್ದು ತೋರ್ಸು."

"ಒಂದೇ ಒಂದು. ಯಾಕೆ ಸುಮ್ನೆ ಅವಳ ಮನಸ್ಸು ಕೆಡ್ಸೋದು?"

"ಒಂದೇ ಆದ್ರೂ ತೋರ್ಸು."

ಸೌಟು ಗಾಳಿಯಲ್ಲೇ ನಿಂತಿತ್ತು, ಅದರಲ್ಲಿ ಮೀನು ಮಿಡುಕುತ್ತಿತ್ತು. ಮೀನನ್ನು ಕಷ್ಟಕ್ಕೆ ಸಿಕ್ಕಿಸಿ ಗಂಡ ಹೆಂಡಿರು ಜಗಳವಾಡುವುದು ಸರಿಯಲ್ಲ ಅನ್ನಿಸಿರಬೇಕು. ಅದನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟು, "ಸಾವಾ, ಬಾ ಇಲ್ಲಿ" ಎಂದು ಕೂಗಿದಳು.

ಸಾವಾಕೊ ಬಂದು ನೋಡಿದಳು.

"ಗಂಡೇ, ಅಮ್ಮ. ಕಚ್ಚು ಇದೆ ನೋಡು."

"ಅದು ಕಚ್ಚು ಅಲ್ಲ. ಯಾವ್ದೋ ಮೀನು ಕಚ್ಚಿ ರೆಕ್ಕೆ ಹರಿದಿದೆ. ಕೆಳಗಿನ ರೆಕ್ಕೆ ನೋಡು, ಹಿಂದಕ್ಕೆ ಸಣ್ಣ ಆಗಿದೆ."

"ಅಷ್ಟೇನ್ ಸಣ್ಣ ಆಗಿಲ್ಲ."

"ಆಗಿದೆ."

"ನಿನ್ ಕನ್ನಡಕ ಆಸ್ಪತ್ರೇಲೇ ಬಿಟ್ಟು ಬಂದ್ಯಾ?"

ಇಬ್ಬರೂ ಹೀಗೆ ವಾದ ಮಾಡುತ್ತಾ ಮಾಡುತ್ತಾ, ಹಳೆಯ ಅಭ್ಯಾಸದಿಂದಲೇ ಇರಬೇಕು, ಒಟ್ಟಿಗೆ ನನ್ನ ಕಡೆ ತಿರುಗಿದರು. ಫುಸಾಏ ಪೆಟ್ಟಿಗೆಯನ್ನು ನನ್ನ ಮುಖದ ಮುಂದೆ ಹಿಡಿದಳು. "ನೀವು ಹೇಳಿ" ಎಂದಳು. ಎಂದ ಮೇಲೆ ಏನು ಹೇಳಿದೆ ಎಂದು ಅವಳಿಗೇ ಹೊಳೆದು ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದಳು. ನಾನು ಪೆಟ್ಟಿಗೆ ಹಿಡಿದುಕೊಂಡೆ. ಕಿತ್ತಳೆ ಬಣ್ಣದ ಒಂದು ಮಸುಕು ಅತ್ತ ಇತ್ತ ಹೋಯಿತು. ಗಂಡು ಎನ್ನಬಹುದಿತ್ತು, ಹೆಣ್ಣು ಎನ್ನಬಹುದಿತ್ತು. ಮೊದಲು ಅನಿಸಿದ್ದು ಎಂಬುದೇ ಇರಲಿಲ್ಲ.

"ನಂಗೆ ಕಾಣ್ಸಲ್ಲ" ಎಂದೆ.

ಎರಡೂ ಕಣ್ಣಿನ ನಡುಭಾಗ ಹೋಗಿದೆಯಂತೆ, ಎರಡು ವರ್ಷದಿಂದ, ಡಾಕ್ಟರು ಹೇಳಿದ್ದು, ಸೊಂಟ ನೋವು ಸುಳ್ಳು ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಸಾವಾಕೊ ನನ್ನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡಳು. ಫುಸಾಏ ಕೋಲಿಗೆ ತಡಕಾಡಿದಳು, ಸಿಗಲಿಲ್ಲ, ನನ್ನ ತೋಳು ಹಿಡಿದು ಎದ್ದು ನಿಂತಳು. ಎದ್ದು ಎಲ್ಲಿಗೂ ಹೋಗಲಿಲ್ಲ.

"ಬೆಳಿಗ್ಗೆ ತನಕ ಇರ್ಲಿ" ಎಂದು ಸಾವಾಕೊ ಆ ಮೀನನ್ನು ಒಂದು ಜಾಡಿಗೆ ಹಾಕಿ, ಗ್ಯಾರಂಟಿ ಗಂಡು ಒಂದನ್ನು ಜೊತೆಗೆ ಬಿಟ್ಟಳು.

ಜೂನ್ 20, ಶುಕ್ರವಾರ

ಸಾವಾಕೊ ತಿಂಡಿಗೆ ಮುಂಚೆ ಹೋಗಿ ಜಾಡಿ ನೋಡಿ ಬಂದಳು. ಹೊಟ್ಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆ.

"ಹೆಣ್ಣೇ. ನಂದೇ ತಪ್ಪು" ಎಂದು ಹೇಳಿ, ಅನ್ನಕ್ಕೆ ಹಸಿ ಕೋಳಿಮೊಟ್ಟೆ ಒಡೆದು ಹಾಕಿಕೊಂಡು ತಿನ್ನಲು ಶುರುಮಾಡಿದಳು. "ಹರಿದ ರೆಕ್ಕೆಗೂ ಕಚ್ಚಿಗೂ ವ್ಯತ್ಯಾಸ ಇವತ್ತು ಇನ್ನೊಂದ್ಸಲ ತೋರ್ಸು" ಎಂದು ಅಮ್ಮನಿಗೆ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದಳು. ಅಷ್ಟೇ. ತಿಂದು ಬಟ್ಟಲು ತೊಳೆದು ಕೊಳಕ್ಕೆ ಹೋದಳು.

ನಾನು ಅವಳು ಹೋದ ಬಾಗಿಲ ಕಡೆ ನೋಡುತ್ತಾ ಕೂತಿದ್ದೆ. ಹೊಟ್ಟೆಕಿಚ್ಚಾಯಿತು. ಮಗಳ ಮೇಲೆ, ಈ ವಯಸ್ಸಿನಲ್ಲಿ.

"ಆ ಕಾಲದಲ್ಲೇ ನಾನು ನಿಮ್ಗೆ ತೋರ್ಸಿದ್ದಿದ್ರೆ," ಫುಸಾಏ ಕೇಳಿದಳು, "ನೀವೂ ಹೀಗೆ ಅಂತಿದ್ರಾ?"

ಸುಳ್ಳು ಹೇಳೋಣ ಎಂದುಕೊಂಡೆ. ಆಗಲಿಲ್ಲ.

"ಇಲ್ಲ. ಮೇಜು ತಳ್ಳಿ ಎದ್ದು ಹೋಗ್ತಿದ್ದೆ."

"ಅದಕ್ಕೇ."

"ಆದ್ರೂ ತೋರಿಸ್ಬೇಕಿತ್ತು ಕಣೇ."

ಅವಳು ಚಹಾ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. ಅವಳ ಮುಖ ನನಗೆ ನೇರವಾಗಿ ನೋಡಿದರೆ ಕಾಣುವುದಿಲ್ಲ, ಅದಕ್ಕೆ ಸ್ವಲ್ಪ ಪಕ್ಕಕ್ಕೆ ನೋಡಿದೆ. ಆಗ ಕಂಡಿತು.

"ಹೌದು," ಎಂದಳು, "ತೋರಿಸ್ಬೇಕಿತ್ತು."